ಬ್ರೋಷರ್ ಮ್ಯಾಲಿನ ಚಿರತಿ

ಗದಗದಾಗ ಪ್ರಿಂಟಿಂಗ್ ಪ್ರೆಸ್ ನಡಸಾಕತ್ತಿ 28 ವರ್ಷ ಆತು, ಟೂರಿನವರ ಬ್ರೋಷರ್ ಎಷ್ಟ್ ಸಾವಿರ ಹೊಡದು ಕೊಟ್ಟೀನೋ ಲೆಕ್ಕ ಇಲ್ಲ, ಅದಕ್ಕ ಒಂದ್ ಮಾತು ಖಾತ್ರಿಲೆ ಹೇಳ್ತೀನಿ, ಮುಖಪುಟದಾಗ ಇರೂ ಪ್ರಾಣಿ ಆ ಕಾಡಿಂದಲ್ಲ, ಗೂಗಲ್ ಕಾಡಿಂದು. ಒಮ್ಮೆ ಒಬ್ರು ನಮ್ಮ ಕರ್ನಾಟಕದ ಸಫಾರಿ ಬ್ರೋಷರಿಗೆ ಆಫ್ರಿಕಾದ ಚೀತಾ ಹಾಕಿಸಿದ್ರು, "ಸರ, ಇದು ಚಿರತಿ ಅಲ್ರಿ" ಅಂದ್ರ "ಚುಕ್ಕಿ ಅದಾವಲ್ಲ, ನಡೀತೈತಿ ಹೊಡೀರಿ" ಅಂದ್ರು. ಹೊಡದು ಕೊಟ್ಟೆ. ಇಷ್ಟೆಲ್ಲಾ ಗೊತ್ತಿದ್ದ ಮನಿಷ್ಯಾ, ಹೋದ ಫೆಬ್ರುವರಿಯಾಗ ಹಂತಾದ್ದೇ ಒಂದು ಬ್ರೋಷರ್ ನೋಡಿ ನಂದೂ ನಮ್ಮ ಮನಿಯಾಕಿದೂ ರೊಕ್ಕ ಕಟ್ಟಿ ಶ್ರೀಲಂಕಾಕ್ಕ ಹೋಗಿಬಂದೆ. ಗೈಡ್ ಜೋಡಿ ಕಾಡು ನೋಡೂದು, ಟ್ರೆಕ್ಕಿಂಗ್, ಎಂಟು ದಿನ, ಗುಂಪಿನ್ಯಾಗ 12 ಮಂದಿ.

ಗೈಡ್ ಅಂದ್ರ ನನಗ ಮೊದಲಿಂದ ಅಷ್ಟಕ್ಕಷ್ಟೇ. ಹಳೇ ಗುಡಿ ನೋಡಾಕ ಹೋದಾಗ ಬೆನ್ನು ಹತ್ತಿ ಬಂದು ಬಾಯಿಪಾಠ ಒಪ್ಪಿಸಿ ಕೈ ಚಾಚೂ ಮಂದೀನ ನೋಡಿ ನೋಡಿ, ಮೊಬೈಲ್ ಇರೂ ಕಾಲದಾಗ ಇವರ್ಯಾಕ ಬೇಕು ಅನ್ನಾಂವ ನಾನು.

ಮೊದಲ ಯಾಲ ಅನ್ನೂ ರಾಷ್ಟ್ರೀಯ ಉದ್ಯಾನ. ಶ್ರೀಲಂಕಾದಾಗ ಹುಲಿ ಇಲ್ಲ, ಸಿಂಹನೂ ಇಲ್ಲ, ಚಿರತೀನೇ ಅಲ್ಲಿ ರಾಜಾ, ಅದಕ್ಕ ನಮ್ಮಲ್ಲಿ ಹಂಗ ಹುಲಿಗೆ ಹೆದರಿ ಅಡಗಿ ತಿರುಗೂ ಪ್ರಸಂಗ ಇಲ್ಲ, ಹಗಲೊತ್ತಿನ್ಯಾಗೂ ಬಂಡಿಗಲ್ಲಿನ ಮ್ಯಾಲೆ ಮಕ್ಕೊಂಡಿರ್ತೈತಿ ಅಂತ ಗೈಡ್ ಹೇಳಿದ. ಸರಿ, ನಸುಕಿನ್ಯಾಗ ಎದ್ದು ಗೇಟಿಗೆ ಹೋದ್ರ ಜೀಪಿನ ಸಾಲು ನೋಡ್ಬೇಕು ನೀವು, ಹುಬ್ಬಳ್ಳಿ ಚನ್ನಮ್ಮ ಸರ್ಕಲ್ ಎಷ್ಟೋ ಪಾಡು. ಒಬ್ಬ ಡ್ರೈವರಿಗೆ ಫೋನ್ ಬಂತು, ಎಲ್ಲಾ ಜೀಪೂ ಒಂದೇ ದಿಕ್ಕಿಗೆ ಓಡಿದ್ವು, ಧೂಳು ಅಂದ್ರ ಧೂಳು, ಅರ್ಧ ತಾಸು ನಿಂತ ಮ್ಯಾಲೆ ಒಂದು ಗಿಡದ ಟೊಂಗಿಯಿಂದ ಬಾಲ ಜೋತುಬಿದ್ದದ್ದು ಕಾಣ್ತು. ಬಾಲ ಅಷ್ಟೇ. ಎರಡನೇ ಸಲ ಫೋನ್ ಬಂದಾಗ ನಮ್ಮ ಗೈಡ್ ಡ್ರೈವರಿಗೆ ಸಿಂಹಳದಾಗ ಏನೋ ಹೇಳಿದ, ಜೀಪು ಉಲ್ಟಾ ತಿರುಗಿ ಒಂದು ಕೆರಿ ದಂಡಿಗೆ ನಿಂತ್ತು. ಮೊಸಳಿ ಬಾಯಿ ತಕ್ಕೊಂಡು ಬಿಸಲ ಕಾಸಾಕತ್ತಿತ್ತು, ನೀರಾಗ ಎಮ್ಮಿ, ದಡದಾಗ ಬಣ್ಣದ ಕೊಕ್ಕರಿ. ಗುಂಪಿನವರು ಸಿಟ್ಟಾದ್ರು, "ರೊಕ್ಕ ಕೊಟ್ಟದ್ದು ಚಿರತಿಗೆ, ಕೊಕ್ಕರಿಗಲ್ಲ" ಅಂದ್ರು. ಸುಳ್ಳ್ಯಾಕ ಹೇಳ್ಲಿ, ನಾನೂ ಅವರ ಜೋಡೀನೇ ದನಿಗೂಡಿಸಿದ್ದೆ.

ನನ್ನ ತೆಲಿ ತಿರುಗಿದ್ದು ಸಿಂಹರಾಜಕ್ಕ ಹೋದ ಮ್ಯಾಲೆ. ಅದು ಮಳಿಕಾಡು, ಜೀಪ್ ಸಫಾರಿ ಇಲ್ಲ, ಕಾಲಾಗ ನಡೀಬೇಕು. ಮೊಣಕಾಲ ತನಕ ಅರಿವಿ ಕಾಲುಚೀಲ ಕೊಟ್ರು, ಜಿಗಣಿ ಹತ್ತಬಾರ್ದು ಅಂತ, ಮಲೆನಾಡ ಕಡೆ ಇಂಬಳ ಅಂತಾರಲ್ಲ ಅದು. ಮನಿಯಾಕಿ ಅದರ ಮ್ಯಾಲೆ ಅಮೃತಾಂಜನ ಬ್ಯಾರೆ ಬಳಕೊಂಡ್ಲು, ಆದ್ರೂ ಎರಡು ಹತ್ತಿದ್ವು. ನಮ್ಮನ್ನ ಕರಕೊಂಡು ಹೋದಾಂವ ಅಲ್ಲೇ ಕಾಡಂಚಿನ ಹಳ್ಳಿ ಮುದುಕ, ರಬ್ಬರ್ ಚಪ್ಲಿ, ಇಂಗ್ಲಿಷ್ ನನಗಿಂತ ಕಡಿಮಿ. ನಾವು ನಡದ ದಾರೀನೇ ಮೊದಲ ಮರ ಸಾಗಿಸೂ ಲಾರಿ ದಾರಿ ಅಂತ. 1970ರ ದಶಕದ ಶುರುವಿಗೆ ಪ್ಲೈವುಡ್ಡಿಗೆ ಅಂತ ಮಷಿನ್ ತಂದು ಈ ಕಾಡು ಕಡದ್ರು, ಮಂದಿ ಗದ್ಲ ಎಬ್ಬಿಸಿದ ಮ್ಯಾಲೆ 1977ರಾಗ ನಿಲ್ಲಿಸಿದ್ರು, 1988ರಾಗ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು. ಆ ಲಾರಿಗೋಳನ್ನ ಮುದುಕ ಸಣ್ಣಾಂವಿದ್ದಾಗ ಕಣ್ಣಾರೆ ನೋಡಿದ್ದನಂತ, ಲಾರಿ ಸಪ್ಪಳ ಬಾಯಿಲೇ ಮಾಡಿ ತೋರಿಸಿದ.

ಒಂದು ತಾಸು ನಡದ್ವಿ, ಏನೂ ಇಲ್ಲ. ಹನಿ ಮಳಿ, ಹಸರು, ಬೆವರು. ನಾನು ಒಂದು ಟೊಂಗಿಗೆ ಕೈ ಆನಿಸಿ ಮೊಬೈಲ್ ತಗದು ಫೋಟೋ ಹೊಡೀಬೇಕು ಅನ್ನೂದ್ರಾಗ ಮುದುಕ ನನ್ನ ರಟ್ಟಿ ಹಿಡದು ಮೆಲ್ಲಕ ಹಿಂದಕ್ಕ ಜಗ್ಗಿದ. ಕೈಯಿಂದ ಒಂದು ಗೇಣು ದೂರದಾಗ ಹಸರು ಹಾವು, ವಿಷದ್ದು, ಎಲಿ ಯಾವುದು ಹಾವು ಯಾವುದು ಅಂತ ತೋರಿಸಿದ ಮ್ಯಾಲೂ ಎರಡು ನಿಮಿಷ ನನಗ ತಿಳೀಲಿಲ್ಲ. ಪ್ರಿಂಟಿಂಗಿನ ಸಿಎಂವೈಕೆ ನಾಕೂ ಬಣ್ಣ ದಿನಾ ನೋಡೂ ಕಣ್ರೀ ಇವು, ಹಸರಿನ್ಯಾಗ ಹಸರು ಕಾಣಲಿಲ್ಲ.

ಅದಾಗಿ ಸ್ವಲ್ಪ ಹೊತ್ತಿಗೆ ಮುದುಕ ಬೆರಳ ಎತ್ತಿ ನಿಲ್ಲಿಸಿದ. ಮೊದಲ ಒಂದು ಕೂಗು, ಆಮ್ಯಾಲೆ ನೂರು. ಬ್ಯಾರೆ ಬ್ಯಾರೆ ಜಾತಿ ಹಕ್ಕಿ ಎಲ್ಲಾ ಕೂಡಿ ಒಂದೇ ಮೆರವಣಿಗಿ ಬಂದಂಗ ಬಂದ್ವು, ತೇರಿನ ಮುಂದ ಮಂದಿ ಬರ್ತಾರಲ್ಲ ಹಂಗ. ಕಿತ್ತಳಿ ಬಣ್ಣದ ಕೊಕ್ಕಿನ ಹರಟೆಮಲ್ಲ ಹಕ್ಕಿ ಎಲಿ ಎಲಿ ಕೆದರಿ ಹುಳ ಎಬ್ಬಸ್ತಾವ, ಕಾಜಾಣ ಪಹರೆ ಮಾಡ್ತೈತಿ, ಗಿಡುಗ ಬಂದ್ರ ಕೂಗಿ ಹೇಳ್ತೈತಿ, ಕೂಲಿ ಅಂತ ಎದ್ದ ಹುಳದಾಗ ಪಾಲು ತಿಂತೈತಿ. ಹತ್ತು ನಿಮಿಷ, ಎಲ್ಲಾ ದಾಟಿ ಹೋತು, ಕಾಡು ಮತ್ತ ಸುಮ್ಮನಾತು. ಚಿರತಿ ಬ್ಯಾಡ ಏನೂ ಬ್ಯಾಡ ಅನಿಸ್ತು ನನಗ.

ಇದೇ ಕಾಡಿನ ಇನ್ನೊಂದು ಕಥಿ ಗುಂಪಿನ ಗೈಡ್ ರಾತ್ರಿ ಊಟಕ್ಕ ಕುಂತಾಗ ಹೇಳಿದ. ದೀಪಾಲ್ ವಾರಕಗೊಡ ಅಂತ ಅಲ್ಲಿಯ ಪಕ್ಷಿತಜ್ಞರು, 1995ರಾಗ ಕಿತುಲ್‌ಗಲ ಕಾಡಿನ್ಯಾಗ ರಾತ್ರಿ ಒಂದು ಗುರುತಿಲ್ಲದ ಕೂಗು ಕೇಳಿದ್ರು. ಕೂಗು ಅಷ್ಟೇ, ಹಕ್ಕಿ ಕಾಣಲಿಲ್ಲ. ಅದರ ಬೆನ್ನು ಬಿಡಲಿಲ್ಲ, 2001ರಾಗ ಸಿಂಹರಾಜದಾಗ ಹಕ್ಕಿ ಕಂಡ್ತು, ಒಂದು ಸಣ್ಣ ಕೆಂಚು ಗೂಬಿ, ಜಗತ್ತಿಗೇ ಹೊಸಾ ಜಾತಿ. ಶ್ರೀಲಂಕಾದಾಗ ಹಂಗ ಹೊಸಾ ಹಕ್ಕಿ ಸಿಕ್ಕಿದ್ದು 1868ರ ನಂತರ ಅದೇ ಮೊದಲಂತ. ಆರು ವರ್ಷ ಒಂದು ಕೂಗಿನ ಹಿಂದ! ನಾವು ಒಂದು ತಾಸಿಗೇ ಚಹಾ ಎಲ್ಲಿ ಅಂತ ಕೇಳಿದ್ವಿ.

ಹಾರ್ಟನ್ ಪ್ಲೇನ್ಸ್ ಬಗ್ಗೆ ಬರದ್ರ ಭಾಳ ಉದ್ದ ಆಕ್ಕೈತಿ. ಎತ್ತರದ ಹುಲ್ಲುಗಾವಲು, ಚಳಿ, ನಸುಕಿನ್ಯಾಗೇ ಹೋಗಬೇಕು ಇಲ್ಲಂದ್ರ 'ವರ್ಲ್ಡ್ಸ್ ಎಂಡ್' ಅನ್ನೂ ಪ್ರಪಾತ ಮಂಜಿನ್ಯಾಗ ಮುಚ್ಚಿಹೋಗ್ತೈತಿ, 800 ಮೀಟರಿಗಿಂತ ಹೆಚ್ಚು ನೆಟ್ಟಗ ಕೆಳಗ. ಮಹಾವೇಲಿ, ಕೆಲನಿ, ವಲವೆ ಮೂರೂ ಹೊಳಿ ನೀರು ಅಲ್ಲಿಂದನೇ ಶುರು. ನಳದ ನೀರಿಗೆ ವಾರಗಟ್ಟಲೆ ದಾರಿ ಕಾಯೂ ಊರಿಂದ ಹೋದಾಂವ ನಾನು, ಕಾಲಾಗಿನ ಹುಲ್ಲು ತುಳಿಯಾಕೂ ಮನಸ್ಸಾಗಲಿಲ್ಲ. ಗೇಟಿನ್ಯಾಗ ಚೀಲ ಬಿಚ್ಚಿ ಪ್ಲಾಸ್ಟಿಕ್ ಎಲ್ಲಾ ತಗದ್ರು, ನೀರಿನ ಬಾಟ್ಲಿ ಲೇಬಲ್ ಸೈತ ಹರದ್ರು, ಮನಿಯಾಕಿ ಕಟ್ಕೊಂಡು ಬಂದಿದ್ದ ಶೇಂಗಾ ಚಟ್ನಿ ಕವರಿನಿಂದ ಪೇಪರಿಗೆ ಹೋತು. ಆಕಿ ಅವರಿಗೂ ಒಂದು ಚಿಮಟಿ ತಿನಿಸಿ ಬಂದ್ಲು.

ಅದಕ್ಕ ನನ್ನ ಅಭಿಪ್ರಾಯ ಏನಂದ್ರ, ಕಾಡಿನ ಟೂರಿಗೆ ರೊಕ್ಕ ಕಟ್ಟೂ ಮುಂದ ಹೋಟೆಲ್ ಎಷ್ಟು ಸ್ಟಾರ್ ಅಂತ ಕೇಳಬ್ಯಾಡ್ರಿ, ಗೈಡ್ ಯಾರು, ಯಾವ ಊರಾಂವ, ಒಬ್ಬ ಗೈಡಿಗೆ ಎಷ್ಟು ಮಂದಿ ಅಂತ ಕೇಳ್ರಿ. ನಾವು ಹನ್ನೆರಡು ಮಂದಿ ಇದ್ದದ್ದೇ ಹೆಚ್ಚಾಗಿತ್ತು, ಹಿಂದಿನವರು ಮಾತಾಡಿ ಮುಂದಿನ ಹಕ್ಕಿ ಹಾರಸ್ತಿದ್ರು. ಚಿರತಿ "ಗ್ಯಾರಂಟಿ" ಅಂದವರ ಕಡೆ ಹೋಗಲೇಬ್ಯಾಡ್ರಿ.

ಊರಿಗೆ ಬಂದ ಮ್ಯಾಲೆ ಸುಮ್ಮನ ಕುಂದರಾಕ ಆಗಲಿಲ್ಲ. ಕಪ್ಪತಗುಡ್ಡಕ್ಕ ಎಷ್ಟು ಶ್ರಾವಣ ಹೋಗೀನೋ, ಗಾಳಿ ಫ್ಯಾನು, ಗುಡಿ, ಮಿರ್ಚಿ-ಮಂಡಕ್ಕಿ ಬಿಟ್ಟು ಏನೂ ನೋಡಿದಾಂವಲ್ಲ. ಈ ಸಲ ಡೋಣಿ ಊರಿನ ಕಡೆ ಗುಡ್ಡದ ಬುಡಕ್ಕ ಕುರಿ ಬಿಟ್ಟುಕೊಂಡಿದ್ದ ಒಬ್ಬ ಅಜ್ಜನ ಹಿಂದ ಅರ್ಧ ದಿನ ತಿರುಗಿದೆ. ತೋಳದ ಹೆಜ್ಜಿ ತೋರಿಸಿದ, ನಾಯಿದಲ್ಲ ತೋಳದ್ದೇ ಅಂತ ಹೆಂಗ ಹೇಳ್ತಿ ಯಜ್ಜಾ ಅಂದ್ರ "ನಾಯಿ ಅಡ್ಡಾಡಿ ಹೊಕ್ಕೈತಿ, ಇದು ಕೆಲಸ ಇದ್ದಾಂವ ಹೋದಂಗ ಸೀದಾ ಹೊಕ್ಕೈತಿ" ಅಂದ. ರೊಕ್ಕ ಕೊಟ್ರ ಒಲ್ಲೆ ಅಂದ, ವರ್ಷದ ಕ್ಯಾಲೆಂಡರ್ ಕೊಡು ಅಂದ. ಕೊಟ್ಟೆ.

ಹೋದ ವಾರ ನಮ್ಮ ಹಳೇ ಗಿರಾಕಿ ಹೊಸಾ ಟೂರ್ ಬ್ರೋಷರ್ ತಂದ, ಮತ್ತ ಅದೇ ಚಿರತಿ. "ಇದನ್ನ ತಗದು ಗೈಡಿನ ಫೋಟೋ, ಹೆಸರು ಹಾಕೂಣೇನ್ರಿ?" ಅಂದೆ. ಭಾಳ ಹೊತ್ತು ನಕ್ಕ. "ಮಾಲಕ್ರ, ಗೈಡಿನ ಮುಖ ನೋಡಿ ಯಾರು ರೊಕ್ಕ ಕಟ್ತಾರ್ರಿ?" 2000 ಕಾಪಿ ಹೊಡದು ಕೊಟ್ಟೆ, ಚಿರತಿದೇ. ಬಣ್ಣ ಮಾತ್ರ ಚಲೋ ಬಂದೈತಿ.