ದಾನಿಯ ಹೆಸರು ಮರೆಯೋ ತನಕ ದೀಪ ಮುಟ್ಟಬೇಡಿ

ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಕಮಿಟಿಗಳಿಗೆ ದೇವರ ಭಯ ಎಷ್ಟಿದೆಯೋ, ದಾನಿಯ ಭಯವಂತೂ ಕಣ್ಣಿಗೆ ರಾಚುತ್ತದೆ. ಬೆಂಚಿನ ಬೆನ್ನಿಗೊಂದು ಹಿತ್ತಾಳೆ ಫಲಕ, ಕಿಟಕಿಗೊಂದು, ಲಿಫ್ಟಿನ ಬಾಗಿಲಿಗೂ ಒಂದು. ಸ್ಕ್ರೂ ಬಿಗಿಯುವ ಮೊದಲು, ಯಹೂದಿ ಧರ್ಮಚರ್ಚೆಗಳ ಪ್ರಾಚೀನ ಸಂಗ್ರಹವಾದ ತಾಲ್ಮುದ್‌ನ ಅರಾಖಿನ್ ಭಾಗದ 6ನೇ ಹಾಳೆ ತಿರುವಿ ಹಾಕಿದ್ದರೆ ಕೈ ನಡುಗುತ್ತಿತ್ತು.

ಅಲ್ಲಿನ ನಿಯಮ ಇಷ್ಟು: ಸಿನಗಾಗ್‌ಗೆ ಯಾರೋ ಕೊಟ್ಟ ದೀಪ ಅವರದೆಂಬುದನ್ನು ಜನ ಮರೆಯುವ ತನಕ ಅದನ್ನು ಲೌಕಿಕ ಖರ್ಚಿಗೆ ತಿರುಗಿಸುವಂತಿಲ್ಲ. ಧರ್ಮಕಾರ್ಯಕ್ಕಾದರೆ ಆದೀತು, ಆದರೆ ದಾನಿ ಯಹೂದಿಯಾಗಿರಬೇಕು. ಅವನು ಕೂಗಾಡುವುದಿಲ್ಲ, ಹೊರಗಿನವನು ಕೂಗಾಡುತ್ತಾನೆ ಅನ್ನುವುದು ಕಾರಣ! 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಯಹೂದಿ ಕಾನೂನು ಸಂಹಿತೆ ಶುಲ್ಖಾನ್ ಅರೂಖ್ ಕೂಡ ಇದನ್ನು ಎತ್ತಿಕೊಂಡಿತು. ಅದಕ್ಕೆ ಟಿಪ್ಪಣಿ ಬರೆದ ಕ್ರಾಕೋವ್‌ನ ಧರ್ಮಗುರು ರೆಮಾ, ದಾನಿ ಹೆಸರು ಕೆತ್ತಿಸಿಕೊಳ್ಳಲಿ ಬಿಡಿ ಅಂದರು. ಎರಡನ್ನೂ ಕೂಡಿಸಿ ನೋಡಿ: ಹೆಸರು ಹಿತ್ತಾಳೆಗೆ ಏರಿತು, ಹಿತ್ತಾಳೆಗೆ ಮರೆವಿಲ್ಲ, ದೀಪಕ್ಕೆ ಮೋಕ್ಷವೂ ಇಲ್ಲ.

ಶಅಜ಼ರಕ್ ಎಂಬ ಅರಬ ವ್ಯಾಪಾರಿ, ಅದೇ ಹಾಳೆಯ ಕಥೆಯಲ್ಲಿ, ಪಂಡಿತ ರವ್ ಯೆಹೂದರ ಸಿನಗಾಗ್‌ಗೆ ದೀಪ ಕೊಟ್ಟ. ರಹಾವಾ ಎಂಬ ಪಂಡಿತ ಅದನ್ನು ಬೇರೆ ಕೆಲಸಕ್ಕೆ ತಿರುಗಿಸಿದ, ರಾವಾ ಎಂಬ ಇನ್ನೊಬ್ಬ ಪಂಡಿತ ಸಿಡುಕಿದ. ಅಲ್ಲ, ತಿರುಗಿಸಿದವನು ರಾವಾ, ಸಿಡುಕಿದವನು ರಹಾವಾ ಅನ್ನುವವರೂ ಇದ್ದಾರೆ. ತಿರುಗಿಸಿದವನ ವಾದ, "ಆ ಮನುಷ್ಯ ಇತ್ತ ಸುಳಿಯುವುದೇ ಅಪರೂಪ." ಸಿಡುಕಿದವನ ವಾದ, "ಒಮ್ಮೊಮ್ಮೆ ಬಂದುಬಿಟ್ಟರೆ?"

ಇಷ್ಟು ಕಷ್ಟ ನಗದಿಗಿಲ್ಲ. ವಾರಕ್ಕೊಮ್ಮೆ ಹಂಚುವ ಕುಪ್ಪಾ ನಿಧಿಯನ್ನು ದಿನದೂಟದ ತಮ್ಹುಯಿಗೆ, ತಮ್ಹುಯಿಯನ್ನು ಕುಪ್ಪಾಕ್ಕೆ ಊರವರು ಬದಲಿಸಬಹುದು, ಬೇಕಾದುದಕ್ಕೆ ತಿರುಗಿಸಲೂಬಹುದು. ಬಿಗಿಯೆಲ್ಲ ಕೈಗಳ ಮೇಲೆ. ಕುಪ್ಪಾ ಎತ್ತಲು ಇಬ್ಬರು, ಹಂಚಲು ಮೂವರು. ದಾರಿಯಲ್ಲಿ ಸ್ವಂತಕ್ಕೆ ನಾಣ್ಯ ಸಿಕ್ಕರೂ ಗಬ್ಬಾಯಿ, ಅಂದರೆ ದಾನ ಎತ್ತುವವನು, ಅದನ್ನು ತನ್ನ ಜೇಬಿಗೆ ಹಾಕುವಂತಿಲ್ಲ. ದಾನದ ಚೀಲಕ್ಕೆ ಹಾಕಿ, ಮನೆಗೆ ಹೋಗಿ ತೆಗೆದುಕೊಳ್ಳಬೇಕು. ಹಂಚಲು ಬಡವರಿಲ್ಲದೆ ತಾಮ್ರದ ಚಿಲ್ಲರೆ ಕಪ್ಪಾಗುತ್ತದೆಂದು ಬೆಳ್ಳಿಗೆ ಬದಲಿಸುವುದಾದರೆ ಬೇರೆಯವರ ಹತ್ತಿರ, ತನ್ನ ಹತ್ತಿರವೇ ಅಲ್ಲ. ಎಣಿಸುವುದೂ ಒಂದೊಂದಾಗಿ, ಜೋಡಿ ಜೋಡಿ ಎಣಿಸಿದರೆ, ಎರಡೆತ್ತಿ ಒಂದೆಂದ ಅಂತ ಜನ ಆಡಿಕೊಳ್ಳುತ್ತಾರೆ.

ಉಳಿಕೆ ಹಣದ ಕಥೆಯೇ ಬೇರೆ. ತಾಲ್ಮುದ್‌ಗೆ ತಳಹದಿಯಾದ ಮಿಶ್ನಾದ ಶೆಕಾಲಿಮ್ ಭಾಗದ ಪ್ರಕಾರ ಬಡವರಿಗೆಂದು ಎತ್ತಿದ್ದು ಮಿಕ್ಕರೆ ಬಡವರಿಗೇ, ಒಬ್ಬ ಬಡವನಿಗೆಂದು ಎತ್ತಿದ್ದು ಮಿಕ್ಕರೆ ಅವನಿಗೇ. ಒಬ್ಬ ಸತ್ತವನ ಮಣ್ಣಿಗೆಂದು ಎತ್ತಿದ್ದು ಮಿಕ್ಕರೆ ವಾರಸುದಾರರಿಗೆ. ರಬ್ಬಿ ನಾತಾನ್ ಅವನ ಗೋರಿಯ ಮೇಲೆ ಕಟ್ಟಡ ಕಟ್ಟಿ ಅಂದರು. ರಬ್ಬಿ ಮೇಯರ್ ಮಾತ್ರ, ಬಗೆಹರಿಯದ ಪ್ರಶ್ನೆಗಳನ್ನು ಬಂದು ಬಿಡಿಸುತ್ತಾನೆಂದು ನಂಬಿರುವ ಪ್ರವಾದಿ ಎಲಿಯಾ ಬರುವ ತನಕ ಮುಟ್ಟಬೇಡಿ ಅಂದರು. ಕಮಿಟಿಗಳು ಹಿಡಿದಿರುವುದು ರಬ್ಬಿ ಮೇಯರ್ ದಾರಿಯನ್ನೇ, ಅದೂ ಎಲ್ಲ ಖಾತೆಗಳಿಗೂ. ಪಾಸ್‌ಬುಕ್ ಎಲಿಯಾನಿಗೇ ತೋರಿಸುತ್ತಾರಂತೆ.

ಬಾಯಿಪಾಠವಾಗಿರುವ ಸಾಲು ಇನ್ನೊಂದಿದೆ. ಸಿನಗಾಗ್ ಮಾರಿದರೆ ಆ ಹಣದಲ್ಲಿ ಧರ್ಮಗ್ರಂಥದ ಸುರುಳಿ ಇಡುವ ಪೆಟ್ಟಿಗೆ, ಪೆಟ್ಟಿಗೆ ಮಾರಿದರೆ ಸುರುಳಿಯ ಹೊದಿಕೆ, ಹೀಗೆ ಹೆಚ್ಚು ಪವಿತ್ರವಾದುದರತ್ತ ಮೇಲಕ್ಕೇ ಹೋಗಬೇಕು. ಆದರೆ ಊರಿನ ಏಳು ಹಿರಿಯರು ಮಾರಿದ್ದಾದರೆ ಆ ದುಡ್ಡಲ್ಲಿ ಬಿಯರ್ ಕುಡಿದರೂ ಸರಿ ಅಂದ ಅದೇ ಸಿಡುಕಿನ ರಾವಾ. "ಊರವರ ಎದುರಿಗೆ" ಮಾರಿರಬೇಕು ಅಂತಲೂ ಅಂದಿದ್ದ. ಬಿಯರ್ ಎಲ್ಲರಿಗೂ ನೆನಪಿದೆ. ಊರವರಿಗೆ ನೋಟಿಸು ಕಳಿಸುವುದು ಮಾತ್ರ ಮರೆತುಹೋಗುತ್ತದೆ.

ಅತ್ತ ತೂಗುದೀಪದ ವೈರಿಂಗ್ ಸುಟ್ಟಿದೆ, ಬಲ್ಬು ನಾಲ್ಕೂ ಇಲ್ಲ. ಫಲಕಕ್ಕೆ ಮಾತ್ರ ಪ್ರತಿ ಶುಕ್ರವಾರ ಪಾಲಿಶ್. ದಾನಿ ಒಮ್ಮೊಮ್ಮೆ ಬಂದುಬಿಟ್ಟರೆ?