ಕಡಿಯಲು ಅರ್ಧ ಗಂಟೆ, ಸಾಗಿಸಲು ನಾಲ್ಕು ದಿನ

ಪುಣೆಯ ವಾರ್ಜೆಯಲ್ಲಿ ನಮ್ಮದೊಂದು ರೋ ಹೌಸ್. ಹಿಂದೆ ಹತ್ತಡಿ ಅಂಗಳ. ಅಷ್ಟರಲ್ಲೇ ಒಂದು ಮಾವು, ಒಂದು ನುಗ್ಗೆ. ಶಿರಸಿ ಕಡೆಯವನಿಗೆ ಇದನ್ನು ತೋಟ ಅನ್ನಲು ನಾಚಿಕೆ. ಆದರೂ ಮೇ ತಿಂಗಳು ಬಂತೆಂದರೆ ಕೈ ತುರಿಸುತ್ತದೆ. ಮಳೆಗೆ ಮೊದಲು ಸವರದಿದ್ದರೆ ನುಗ್ಗೆ ಟೊಂಗೆ ಮೊದಲ ಗಾಳಿಗೇ ಮುರಿದು ಪಕ್ಕದವರ ಕಾರಿನ ಮೇಲೆ ಬೀಳುವುದು ಗ್ಯಾರಂಟಿ.

ಮೊದಲೆಲ್ಲ ಕೊಯ್ತಾ ಹಿಡಿದು ಹತ್ತುವವನೊಬ್ಬ ಬರುತ್ತಿದ್ದ. ಕೊಯ್ತಾ ಅಂದರೆ ನಮ್ಮ ಕತ್ತಿಯ ಮರಾಠಿ ದಾಯಾದಿ. ಹೋದ ವರ್ಷ ಅವನು ಬರಲಿಲ್ಲ. ರವಿವಾರ ಪೇಠದ ಬೋಹ್ರಿ ಆಳಿ ಅನ್ನುವ ಗಲ್ಲಿಗೆ ಹೋಗಿ ಬ್ಯಾಟರಿಯ ಚೈನ್ ಗರಗಸ ತಂದೆ. ಚೈನ್ ಸುತ್ತುವ ಪಟ್ಟಿ ಆರು ಇಂಚಿನದು, ಜೊತೆಗೆ ಎರಡು ಬ್ಯಾಟರಿ. ವಿಡಿಯೊ ಕಾಲ್‌ನಲ್ಲಿ ಊರಿನ ಭಾವನಿಗೆ ತೋರಿಸಿದರೆ ಅವನು ನಕ್ಕ. "ಎಂತಾ ಮಾರಾಯ, ಇದು ಮಕ್ಕಳ ಆಟದ ಸಾಮಾನಾ?"

ಭಾವನ ಹತ್ತಿರ ಇರುವುದು ಪೆಟ್ರೋಲಿನದು. ನಮ್ಮೂರಲ್ಲಿ ಅದಕ್ಕೆ ಮರ ಕೊಯ್ಯುವ ಮಿಷನ್ ಅಂತಲೇ ಹೆಸರು. ಅವನಿಗೆ ಗೊತ್ತಿಲ್ಲದ್ದೊಂದಿದೆ. ಜರ್ಮನಿಯ ಆಂದ್ರೆಯಾಸ್ ಸ್ಟೀಲ್ 1926ರಲ್ಲಿ ಮಾಡಿದ ಚೈನ್ ಗರಗಸ ಕರೆಂಟಿನದೇ ಆಗಿತ್ತು. ಇಬ್ಬರು ಹಿಡಿಯಬೇಕಿತ್ತು, ಅಷ್ಟು ಭಾರ. ಪೆಟ್ರೋಲಿನದನ್ನು ಅವನು ಮಾಡಿದ್ದು 1929ರಲ್ಲಿ. ಹಾಗೆ ನೋಡಿದರೆ ನನ್ನದೇ ಹಳೇ ಮನೆತನ, ಅಲ್ವಾ?

ತಮಾಷೆ ಬಿಡಿ. ಪೇಟೆ ಮನೆಗೆ ಪೆಟ್ರೋಲಿನದು ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪೆಟ್ರೋಲಿಗೆ ಅಳತೆ ಹಿಡಿದು ಆಯಿಲ್ ಬೆರೆಸಬೇಕು, ಹಗ್ಗ ಜಗ್ಗಿ ಜಗ್ಗಿ ಭುಜ ಬಿದ್ದುಹೋಗಬೇಕು. ವರ್ಷದ ಹನ್ನೊಂದು ತಿಂಗಳು ಸುಮ್ನೆ ಬಿದ್ದಿರುವ ಮಿಷನ್ ಹನ್ನೆರಡನೇ ತಿಂಗಳು ಸ್ಟಾರ್ಟ್ ಆಗುವುದಿಲ್ಲ. ಇನ್ನು ಶಬ್ದ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಪುಣೆಯವರು ಮಲಗುತ್ತಾರೆ. ಆ ಹೊತ್ತಿನಲ್ಲಿ ಪೆಟ್ರೋಲ್ ಗರಗಸ ಶುರು ಮಾಡಿದವನಿಗೆ ಇಲ್ಲಿ ಬಾಳ್ವೆ ಇಲ್ಲ. ಬ್ಯಾಟರಿಯದು ಮಿಕ್ಸಿಯಷ್ಟು ಸದ್ದು ಮಾಡುತ್ತದೆ, ಗುಂಡಿ ಬಿಟ್ಟರೆ ನಿಲ್ಲುತ್ತದೆ. ಆದರೆ ಮಳೆಗಾಲದಲ್ಲಿ ಘಟ್ಟದ ದಾರಿಗೆ ಅಡ್ಡ ಬಿದ್ದ ಮರಕ್ಕೆ ಭಾವನ ಮಿಷನ್ನೇ ಸರಿ. ಮೂರು ದಿನ ಕರೆಂಟಿಲ್ಲದ ಊರಲ್ಲಿ ಬ್ಯಾಟರಿ ಹಿಡಿದುಕೊಂಡು ಏನು ಮಾಡುವುದು?

ಕಡಿಯುವ ಮೊದಲು ಅರ್ಜಿ. ಗರಗಸ ನೋಡಿದ ಕೂಡಲೇ ಪಕ್ಕದ ಮನೆ ಕಾಕಾ ಕೇಳಿದ್ದು ಒಂದೇ ಮಾತು: "ಪರವಾನಗೀ ಘೇತಲೀ ಕಾ?" ಪರವಾನಗಿ ತಗೊಂಡ್ಯಾ ಅಂತ. ಮಹಾರಾಷ್ಟ್ರದಲ್ಲಿ ನಗರದ ಮರಗಳಿಗೆ 1975ರ ಕಾಯ್ದೆ ಇದೆ. ಸುಡುವುದು, ಯಾವುದೇ ರೀತಿ ಹಾನಿ ಮಾಡುವುದು, ಎಲ್ಲವೂ ಅದರ ಲೆಕ್ಕದಲ್ಲಿ ಮರ ಕಡಿದಂತೆಯೇ. ಸ್ವಂತ ಅಂಗಳದ ಟೊಂಗೆಗೂ ಪಾಲಿಕೆಯ ಉದ್ಯಾನ ವಿಭಾಗವನ್ನು ಕೇಳಬೇಕು. ಕರ್ನಾಟಕದಲ್ಲೂ 1976ರದ್ದೊಂದು ಕಾಯ್ದೆ ಇದೆ. ಆದರೆ ಊರಲ್ಲಿ ಟೊಂಗೆ ಸವರಲು ಅರ್ಜಿ ಬರೆದವರನ್ನು ನಾನಂತೂ ಕಂಡಿಲ್ಲ. ಮಾವಿನ ಜೊತೆ ನುಗ್ಗೆಗೂ ಫೋಟೊ ಹಚ್ಚಿ ಅರ್ಜಿ ಹಾಕಿದೆ. ನಗಬೇಡಿ.

ಊರಿನ ಲೆಕ್ಕವೇ ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಗೊಬ್ಬರದ ಸೊಪ್ಪಿಗೆಂದೇ ಕಾಡು, ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದಲ್ಲಿ. ಮರ ಸರ್ಕಾರದ್ದು, ಸೊಪ್ಪು ನಮ್ಮದು. ನಮ್ಮ ಮನೆಗೆ ಸೊಪ್ಪು ಕಡಿಯಲು ಬರುತ್ತಿದ್ದವನ ಸೊಂಟದ ಕೊಕ್ಕೆಯಲ್ಲಿ ಒಂದು ಕತ್ತಿ, ಅಷ್ಟೇ. ಮರ ಹತ್ತುವ ಮೊದಲು ಕೆಳಗೆ ನಿಂತು ಒಂದು ಎಲೆ ಅಡಿಕೆ ಹಾಕಿ ಮುಗಿಯುವವರೆಗೂ ಮೇಲೆ ನೋಡುತ್ತಿದ್ದ. ತುದಿ ಮುಟ್ಟುತ್ತಿರಲಿಲ್ಲ. ಟೊಂಗೆಯನ್ನು ಬುಡಕ್ಕೇ ಕಡಿಯದೆ ಗೇಣುದ್ದ ಗೂಟ ಬಿಡುತ್ತಿದ್ದ, ಮುಂದಿನ ಸಲ ಹತ್ತುವಾಗ ಕಾಲಿಡಲಿಕ್ಕೆ. ಪುಣೆಯ ಮಾವಿಗೆ ಹೀಗೆ ಗೂಟ ಬಿಟ್ಟರೆ ಅದು ಒಣಗಿ ಕೊಳೆಯುತ್ತದೆ. ಟೊಂಗೆ ಕಾಂಡಕ್ಕೆ ಸೇರುವಲ್ಲಿ ಬಳೆಯ ಹಾಗೆ ಉಬ್ಬಿರುತ್ತದಲ್ಲ, ಅದರ ಹೊರಗೆ ಹತ್ತಿರದಲ್ಲೇ ಕೊಯ್ಯಬೇಕು. ಆಗ ಗಾಯ ತಾನಾಗಿ ಮುಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಮೊದಲ ದಿನವೇ ಮಾವಿಗೆ ಅನ್ಯಾಯ ಮಾಡಿದೆ. ತೋಳಿನಷ್ಟು ದಪ್ಪದ ಟೊಂಗೆ. ಮೇಲಿನಿಂದ ಗರಗಸ ಇಟ್ಟೆ, ಬೆಣ್ಣೆಗೆ ಚಾಕು ಇಟ್ಟ ಹಾಗೆ ಇಳಿಯಿತು. ಅರ್ಧ ಕೊಯ್ಯುವಷ್ಟರಲ್ಲಿ ಟೊಂಗೆ ತನ್ನ ಭಾರಕ್ಕೇ ಜೋತುಬಿದ್ದು, ಕಾಂಡದ ತೊಗಟೆಯನ್ನು ಎರಡಡಿ ಸುಲಿದುಕೊಂಡು ಬಿತ್ತು. ಮೊದಲು ಕೆಳಗಿನಿಂದ ಒಂದು ಕಚ್ಚು ಹಾಕಬೇಕಿತ್ತು. ಆಮೇಲೆ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಉಳಿದ ಗೂಟ ತೆಗೆಯಬೇಕಿತ್ತು. ಕತ್ತಿಯಾಗಿದ್ದರೆ ನಾಲ್ಕು ಏಟಿಗೆ ಒಮ್ಮೆ ಉಸಿರು ತೆಗೆಯಲು ನಿಲ್ಲುತ್ತಿದ್ದೆ, ನಿಂತಾಗ ಬುದ್ಧಿ ಬರುತ್ತಿತ್ತು. ಈ ಮಿಷನ್ ಉಸಿರು ತೆಗೆಯಲು ಬಿಡುವುದೇ ಇಲ್ಲ. ಅದೇ ಅದರ ಮೇಲೆ ನನ್ನ ದೊಡ್ಡ ತಕರಾರು.

ಹಗುರ ಅಂತ ಒಂದೇ ಕೈಯಲ್ಲಿ ಹಿಡಿಯುವ ಚಪಲವೂ ಬರುತ್ತದೆ. ಪಟ್ಟಿಯ ತುದಿಯ ಮೇಲ್ಭಾಗ ಎಲ್ಲಾದರೂ ತಾಗಿದರೆ ಗರಗಸ ಮುಖದ ಕಡೆ ಎಗರುತ್ತದೆ. ಎರಡೂ ಕೈ ಬೇಕು, ಕನ್ನಡಕ ಬೇಕು. ಏಣಿಯ ಮೇಲಂತೂ ಬೇಡ. ಚೈನ್ ಮುಟ್ಟುವ ಮೊದಲು ಬ್ಯಾಟರಿ ಕಳಚಿ ಪಕ್ಕಕ್ಕಿಡಿ.

ಪೆಟ್ರೋಲ್ ಬೇಡದಿದ್ದರೂ ಚೈನಿಗೆ ಎಣ್ಣೆ ಬೇಕೇ ಬೇಕು. ಹರಿತವೂ ಬೇಕು. ಕತ್ತಿಯನ್ನು ಮಸೆಕಲ್ಲಿಗೆ ಉಜ್ಜಿದರೆ ಮುಗಿಯಿತು. ಇಲ್ಲಿ ದುಂಡನೆಯ ಸಣ್ಣ ಅರ ಹಿಡಿದು ಒಂದೊಂದೇ ಹಲ್ಲು ತಿಕ್ಕುತ್ತಾ ಕೂರಬೇಕು. ಹೊಟ್ಟು ಚೂರು ಚೂರಾಗಿ ಬಂದರೆ ಹಲ್ಲು ಚೆನ್ನಾಗಿದೆ ಅಂತ, ಹಿಟ್ಟಿನ ಹಾಗೆ ಬಂದರೆ ಮೊಂಡಾಗಿದೆ ಅಂತ.

ಅಂತೂ ನುಗ್ಗೆ ಟೊಂಗೆ ಅರ್ಧ ಗಂಟೆಯಲ್ಲಿ ನೆಲಕ್ಕೆ ಬಂತು. ಒಂದು ಬ್ಯಾಟರಿ ಪೂರ್ತಿ ಖಾಲಿ, ಎರಡನೆಯದು ಅರ್ಧ. ಅಂಗಳ ತುಂಬಾ ಸೊಪ್ಪು, ಕೋಲು. ಊರಲ್ಲಾದರೆ ಕಡಿದ ಸೊಪ್ಪು ಸಂಜೆಯೊಳಗೆ ದನದ ಕಾಲಡಿಗೆ, ಅಲ್ಲಿಂದ ಗೊಬ್ಬರ ಗುಂಡಿಗೆ, ಅಲ್ಲಿಂದ ಅಡಿಕೆ ಬುಡಕ್ಕೆ. ಕೋಲು ಬಚ್ಚಲ ಒಲೆಗೆ. ಇಲ್ಲಿ ಅದು ಬರೀ ಕಸ. ಕಸದ ಗಾಡಿಯವನು ಮುಟ್ಟಲಿಲ್ಲ. ಟೆಂಪೊದವನು ಕೇಳಿದ ಬಾಡಿಗೆಗೆ ಇನ್ನೊಂದು ಬ್ಯಾಟರಿ ಬರುತ್ತಿತ್ತು. ನಾಲ್ಕು ದಿನ ಅದನ್ನು ದಾಟಿಕೊಂಡೇ ಬಟ್ಟೆ ಒಣಹಾಕಿದೆವು. ಹೆಂಡತಿ ಗರಗಸದ ಬಗ್ಗೆ ಏನೂ ಹೇಳಲಿಲ್ಲ. ಸುಮ್ನೆ ನೋಡುತ್ತಿದ್ದಳು.

ಆಚೆ ರಸ್ತೆಯಲ್ಲಿ ಕಟ್ಟಡದ ಕೆಲಸ ನಡೆದಿತ್ತು. ನಾಲ್ಕನೇ ದಿನ ಸಂಜೆ ಅಲ್ಲಿಯ ಹೆಂಗಸೊಬ್ಬಳು ಗೇಟಿನ ಹತ್ತಿರ ನಿಂತು ಕೇಳಿದಳು, "ಅಣ್ಣಾರ, ನುಗ್ಗಿ ತಪ್ಪಲಾ ಒಯ್ಯಲೇನ್ರಿ?" ನಾವು ಮನೆಯಲ್ಲಿ ಕನ್ನಡ ಮಾತಾಡುವುದು ಕೇಳಿಸಿತ್ತಂತೆ. ವಿಜಯಪುರದ ಕಡೆಯವಳು. ಬಾಡಿಹೋದದ್ದನ್ನು ಬಿಟ್ಟು, ನೆರಳಲ್ಲಿ ಹಸಿರಾಗಿ ಉಳಿದಿದ್ದ ಎಲೆ ಸೆರಗಿಗೆ ತುಂಬಿಕೊಂಡಳು. ಸಣ್ಣ ಕಟ್ಟಿಗೆಯನ್ನು ಒಲೆಗೆಂದು ಗಂಡ ಹೊತ್ತ. ಆಮೇಲೆ ತೋಳುದ್ದದ ಎರಡು ದಪ್ಪ ಕೋಲು ಆರಿಸಿ ತೆಗೆದಿಟ್ಟಳು.

"ಅದೂ ಒಲೆಗಾ?" ಅಂತ ಕೇಳಿದೆ.

"ಅಲ್ರೀ, ಮಳಿ ಬಿದ್ದ ಮ್ಯಾಲೆ ನೆಲಕ್ಕ ಹಚ್ತೀನ್ರಿ, ಶೆಡ್ಡಿನ ಬಾಜೂಕ."