ಎರಡು ವಾರದ ಮಾಷ್ಟ್ರು

ನಮ್ಮ ಪೇಟೆಯ ಬಸ್ ಸ್ಟಾಪಿನ ಎದುರು ಒಂದು ಫ್ಲೆಕ್ಸ್ ಬಂದಿದೆ. ಬದಿಯಡ್ಕದಿಂದ ಕುಂಬಳೆಗೆ ಹೋಗುವವರು ನೋಡಿಯೇ ಇರುತ್ತೀರಿ. ಬರುವ ಬಸ್ಸಿನ ಬೋರ್ಡು ಕಾಣದ ಹಾಗೆ ಅದನ್ನು ಅಡ್ಡ ನಿಲ್ಲಿಸಿದ್ದಾರೆ. 'ಆಫ್ರಿಕಾದ ಮಕ್ಕಳ ಸೇವೆ ಮುಗಿಸಿ ಹುಟ್ಟೂರಿಗೆ ಮರಳಿದ ಹೆಮ್ಮೆಯ ಪುತ್ರನಿಗೆ ಹಾರ್ದಿಕ ಸ್ವಾಗತ' ಎಂದು ಮೇಲೆ ಕನ್ನಡದಲ್ಲಿದೆ. ಕೆಳಗೆ ಅದೇ ಮಾತು ಮಲಯಾಳದಲ್ಲಿ, ಎರಡು ಪಟ್ಟು ದಪ್ಪ ಅಕ್ಷರದಲ್ಲಿ. ನಡುವೆ ನಮ್ಮ ಹುಡುಗ. ಕೂಲಿಂಗ್ ಗ್ಲಾಸ್, ಕುತ್ತಿಗೆಗೊಂದು ಮಣಿಸರ. ತೊಡೆಯ ಮೇಲೆ ಇಬ್ಬರು ಮಕ್ಕಳು, ಹೆಗಲ ಮೇಲೆ ಒಬ್ಬ, ಹಿಂದೆ ಇಪ್ಪತ್ತು ಮಂದಿ. ತೀರಾ ಕೆಳಗೆ ಸ್ವಾಗತ ಕೋರುವವರ ಹದಿನಾರು ಪಾಸ್‌ಪೋರ್ಟ್ ಸೈಜ್ ಮುಖಗಳು.

"ಸೇವೆ ಮುಗಿಸಿ ಅಂದರೆ ಎಂತ ಮಾರಾಯ್ರೆ?" ಎಂದು ಚಾ ಅಂಗಡಿಯ ಕಾಕ ಕೇಳಿದರು. "ಅಲ್ಲಿ ಇನ್ನು ಸೇವೆ ಬೇಡವಾ?"

ನನಗೂ ಗೊತ್ತಿಲ್ಲ. ಆಫ್ರಿಕಾ ಸರಿಯಾಗಿರಬೇಕು.

ಹೋದದ್ದು ಕೀನ್ಯಾಕ್ಕೆ. ಫ್ಲೆಕ್ಸಿನವರು ಐವತ್ತನಾಲ್ಕು ದೇಶಗಳ ಇಡೀ ಖಂಡವನ್ನೇ ಅವನ ತಲೆಗೆ ಕಟ್ಟಿದ್ದಾರೆ. ಇದಕ್ಕೆ ನಾವು ಬೇಜಾರು ಮಾಡಿಕೊಳ್ಳಬಾರದು. ಬೆಂಗಳೂರಿನವರಿಗೆ ನಾವು ಕೇರಳ, ತಿರುವನಂತಪುರದವರಿಗೆ ನಾವು ಕರ್ನಾಟಕ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಈ ವಿಳಾಸ ಇನ್ನೂ ಸರಿಯಾಗಿಲ್ಲ. ದೂರದಿಂದ ನೋಡುವವರಿಗೆ ಊರಿನ ಹೆಸರು ಯಾಕೆ ಬೇಕು?

ಹುಡುಗ ಒಳ್ಳೆಯವನೇ, ಮೊದಲೇ ಹೇಳಿಬಿಡುತ್ತೇನೆ. ಸಣ್ಣವನಿದ್ದಾಗ ನಮ್ಮ ಹಿತ್ತಲಿನ ಮಾವಿನಕಾಯಿ ಕದ್ದ ಐದು ಜನರಲ್ಲಿ ಒಪ್ಪಿಕೊಂಡವನು ಇವನೊಬ್ಬನೇ. ಈಗ ಕೆನಡಾದಲ್ಲಿ ಕಂಪ್ಯೂಟರ್ ಕೆಲಸ. ಅಲ್ಲಿನ ಒಂದು ಚರ್ಚಿನ ಗುಂಪಿನ ಜೊತೆ ಎರಡು ವಾರ 'ಮಿಷನ್ ಟ್ರಿಪ್' ಹೋಗಿ ಬಂದ. ಹೋಗುವ ಮೊದಲು ನಮಗೆಲ್ಲ ವಾಟ್ಸ್‌ಆ್ಯಪಿನಲ್ಲಿ ಒಂದು ಲಿಂಕ್ ಬಂದಿತ್ತು, ಅವನ ಪ್ರಯಾಣಕ್ಕೆ ಕೈಲಾದಷ್ಟು ಕೊಡಬೇಕಂತೆ. ಕೆನಡಾದಲ್ಲಿ ದುಡಿಯುವವನ ಟಿಕೆಟಿಗೆ ಕಾಸರಗೋಡಿನ ಪೆನ್ಷನ್‌ದಾರ ಚಂದಾ ಎತ್ತುವುದು! ಭೂಮಿ ಉರುಟು ಎಂದು ಶಾಲೆಯಲ್ಲಿ ಕಲಿತದ್ದು ಅವತ್ತು ಅರ್ಥವಾಯಿತು. ಕೊಟ್ಟೆ, ಐನೂರು ರೂಪಾಯಿ. ಅದಕ್ಕೇ ಈ ಲೇಖನ ಬರೆಯುವ ಹಕ್ಕು ನನಗುಂಟು.

ಹದಿನಾಲ್ಕು ದಿನದ ಲೆಕ್ಕವನ್ನು ಅವನೇ ಒಪ್ಪಿಸಿದ. ಹೋಗಲು ಬರಲು ನಾಲ್ಕು ದಿನ. ನಿದ್ದೆ ಸರಿಮಾಡಿಕೊಳ್ಳಲು ಒಂದು ದಿನ. ಕೊನೆಗೆ ಮಸಾಯಿ ಮಾರಾದಲ್ಲಿ ಸಿಂಹ ನೋಡಲು ಎರಡು ದಿನ. ಉಳಿದ ಏಳು ದಿನದಲ್ಲಿ ಒಂದು ಮಕ್ಕಳ ಮನೆಯ ಗೋಡೆಗೆ ಬಣ್ಣ ಬಳಿದರು, ಹಲ್ಲುಜ್ಜುವ ಬ್ರಷ್ ಹಂಚಿದರು, ನೋಹನ ನಾವೆಯ ಗೊಂಬೆಯಾಟ ಆಡಿಸಿದರು, ಇಂಗ್ಲಿಷ್ ಕಲಿಸಿದರು.

ಕೀನ್ಯಾದಲ್ಲಿ ಇಂಗ್ಲಿಷ್ ಆಡಳಿತ ಭಾಷೆ. ದೊಡ್ಡ ತರಗತಿಗಳಲ್ಲಿ ಪಾಠ ನಡೆಯುವುದೇ ಇಂಗ್ಲಿಷಿನಲ್ಲಿ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಸ್ವಾಹಿಲಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಅಲ್ಲಿಯ ಮಗು ಮೂರು ಭಾಷೆ ಆಡುತ್ತದೆ. ಕಲಿಸಲು ಹೋದ ಕೆನಡಾದ ಗುಂಪಿನಲ್ಲಿ ಬಹಳ ಮಂದಿಗೆ ಬರುವುದು ಒಂದೇ. ಇನ್ನು ಯೇಸುವನ್ನು ಪರಿಚಯ ಮಾಡಿಸಲು ಹೋದರು ಎನ್ನೋಣ ಎಂದರೆ, 2019ರ ಜನಗಣತಿಯ ಪ್ರಕಾರ ಅಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಜನ ಕ್ರೈಸ್ತರೇ. ಪೆರ್ಲಕ್ಕೆ ಬಂದು ಮನೆಮನೆಗೆ ಅಡಕೆ ಮಾರಿದ ಹಾಗೆ.

ಆದರೂ ಭಾಷೆ ಬಾರದ ಮಾಷ್ಟ್ರು ಎಂದು ನಗುವ ಯೋಗ್ಯತೆ ನಮಗಿಲ್ಲ. ಈ ವಿದ್ಯೆಯಲ್ಲಿ ಕಾಸರಗೋಡು ಪ್ರಪಂಚಕ್ಕೇ ಗುರು. ಇಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಮಾಷ್ಟ್ರನ್ನು ಕಳಿಸುತ್ತಾರೆ. ರ‍್ಯಾಂಕ್ ಲಿಸ್ಟ್ ಉಂಟು, ಆರ್ಡರ್ ಉಂಟು, ಸೀಲು ಉಂಟು. ಕನ್ನಡ ಒಂದು ಇಲ್ಲ. ಮಕ್ಕಳು ಮಾಷ್ಟ್ರ ಮುಖ ನೋಡುತ್ತಾರೆ, ಮಾಷ್ಟ್ರು ಬೋರ್ಡು ನೋಡುತ್ತಾರೆ, ಗಣಿತ ಕಿಟಕಿಯಿಂದ ಹೊರಗೆ ಹೋಗುತ್ತದೆ. ಹೆತ್ತವರು ಗೇಟಿನ ಎದುರು ಧರಣಿ ಕೂತರೆ, "ಅವರು ಕಲಿತುಕೊಳ್ಳುತ್ತಾರೆ, ಸ್ವಲ್ಪ ಸಮಯ ಕೊಡಿ" ಎಂಬ ಸಮಾಧಾನ. ಅಂದರೆ ಮಕ್ಕಳು ಮಾಷ್ಟ್ರಿಗೆ ಕಲಿಸಬೇಕು. ಕೀನ್ಯಾದ ಮಕ್ಕಳು ಪುಣ್ಯವಂತರು. ಅವರ ಮಾಷ್ಟ್ರು ಎರಡು ವಾರದಲ್ಲಿ ವಿಮಾನ ಹತ್ತಿದ. ನಮ್ಮವರಿಗೆ ಪೆನ್ಷನ್ ಉಂಟು.

ಮಿಷನ್ ಎಂದಾಗ ನನಗೆ ನೆನಪಾಗುವುದು ನಮ್ಮ ಮನೆಯ ಮಾಡು. ಹಳೆಯ ಹಂಚು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಆಮೇಲೆ ಈ ಕರಾವಳಿಯಲ್ಲಿ ಮುಳಿಹುಲ್ಲಿನ ಮಾಡು ಒಂದೊಂದಾಗಿ ಕೆಂಪಾಯಿತು. ಅವರಲ್ಲೊಬ್ಬ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ. ನಾನು ಇವತ್ತು ಕಾಲಂ ಬರೆದು ಹೊಟ್ಟೆಯ ಉರಿ ತೀರಿಸಿಕೊಳ್ಳುತ್ತಿದ್ದರೆ ಅದಕ್ಕೆ ಅವನೂ ಸ್ವಲ್ಪ ಕಾರಣ. ಇನ್ನೊಬ್ಬ ಕಿಟೆಲ್, 1853ರಲ್ಲಿ ಬಂದವನು. ಅವನ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವಿನ ನಲವತ್ತೊಂದು ವರ್ಷ ಲೆಕ್ಕ ಹಾಕಿ. ಅವರೇನು ಸನ್ಯಾಸಿಗಳಲ್ಲ, ಬಂದದ್ದು ಮತ ಪ್ರಚಾರಕ್ಕೇ, ಅದನ್ನು ಮುಚ್ಚಿಟ್ಟವರೂ ಅಲ್ಲ. ಜಗಳ ಮಾಡುವವರು ಮಾಡಬಹುದು. ಆದರೆ ಜಗಳಕ್ಕಾದರೂ ಆ ಮನುಷ್ಯ ಊರಲ್ಲಿ ಸಿಗುತ್ತಿದ್ದ, ಅದೂ ಕನ್ನಡದಲ್ಲಿ. ಕಿಟೆಲ್ ಎರಡು ವಾರದ ಟ್ರಿಪ್ಪಿಗೆ ಬಂದಿದ್ದರೆ ನಿಘಂಟು 'ಅ'ದಿಂದ ಹೊರಟು 'ಅಕ್ಕಿ'ಯವರೆಗೆ ಬಂದು ನಿಲ್ಲುತ್ತಿತ್ತು. ಮುಖಪುಟದಲ್ಲಿ ಮಾತ್ರ ಅವನೂ ನಾಲ್ಕು ಕನ್ನಡದ ಮಕ್ಕಳೂ ಇರುತ್ತಿದ್ದರು.

ಗೋಡೆಯ ವಿಷಯಕ್ಕೆ ಬರುತ್ತೇನೆ. ಹಿಂದೆ ತಾಂಜಾನಿಯಾದಲ್ಲಿ ಗ್ರಂಥಾಲಯ ಕಟ್ಟಲು ಅಮೆರಿಕದ ಶಾಲೆಯೊಂದರ ಹುಡುಗಿಯರು ಹೋಗಿದ್ದರು. ಹಗಲಿಡೀ ಇಟ್ಟಿಗೆ ಇಟ್ಟರು. ರಾತ್ರಿ ಊರಿನ ಗಂಡಸರು ಬಂದು ಅದನ್ನು ತೆಗೆದು, ಸರಿಯಾಗಿ ಕಟ್ಟಿ, ಬೆಳಗಾಗುವ ಮೊದಲು ಹೋಗುತ್ತಿದ್ದರು. ಮಕ್ಕಳಿಗೆ ಬೇಜಾರಾಗಬಾರದಲ್ಲ! ಆ ಹುಡುಗಿಯರಲ್ಲಿ ಒಬ್ಬಳು ದೊಡ್ಡವಳಾದ ಮೇಲೆ, 2014ರಲ್ಲಿ, ನಾಚಿಕೆಯಿಂದ ಬರೆದುಕೊಂಡ ಕಥೆ ಇದು. ಇಲ್ಲಿ ನನ್ನ ಮನೆಯ ಕಂಪೌಂಡಿನ ಕೆಂಪುಕಲ್ಲು ಬಿದ್ದು ಎರಡು ಮಳೆಗಾಲವಾಯಿತು. ಮೇಸ್ತ್ರಿ ಸಿಗುತ್ತಿಲ್ಲ. ಯಾವುದಾದರೂ ಗುಂಪು ಸೇವೆಗೆ ಬರುವುದಾದರೆ ನಾನು ತಯಾರು, ಬೇಕಾದರೆ ಗೊಂಬೆಯಾಟವನ್ನೂ ನೋಡುತ್ತೇನೆ. ರಾತ್ರಿ ಬಿಚ್ಚಿ ಕಟ್ಟುವವರನ್ನು ಮಾತ್ರ ಅವರೇ ಕರೆದುಕೊಂಡು ಬರಬೇಕು.

ಕ್ರೈಸ್ತರನ್ನು ಮಾತ್ರ ಹೇಳುತ್ತಾನೆ ಎಂದು ಈಗ ಯಾರಾದರೂ ಖುಷಿಯಲ್ಲಿ ಕೈ ಉಜ್ಜುತ್ತಿರಬಹುದು. ಉಜ್ಜಬೇಡಿ. ಜೂನ್ ತಿಂಗಳಲ್ಲಿ ನಮ್ಮ ಶಾಲೆಗಳಿಗೆ ಬನ್ನಿ. ಜಾತಿ, ಧರ್ಮ, ಪಾರ್ಟಿ, ಕ್ಲಬ್ಬು ಎಂಬ ಭೇದವಿಲ್ಲದೆ ಉಚಿತ ಪುಸ್ತಕ ವಿತರಣೆ. ಒಂದು ನೋಟ್‌ಬುಕ್ಕನ್ನು ಒಂಬತ್ತು ಜನ ಹಿಡಿದುಕೊಂಡಿರುತ್ತಾರೆ. ಆ ಕಡೆಯ ಮೂಲೆಯಲ್ಲಿ ಒಂದು ಸಣ್ಣ ಕೈ, ಅದು ಮಗುವಿನದ್ದು. ಅದು ಎಳೆಯುತ್ತದೆ, ಇವರು ಬಿಡುವುದಿಲ್ಲ, ಯಾಕೆಂದರೆ ಫೋಟೊಗ್ರಾಫರ್ "ಇನ್ನೊಂದು" ಎಂದಿದ್ದಾನೆ. ಅದಕ್ಕೂ ಮೊದಲು ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಮುಖ್ಯ ಅತಿಥಿಗಳು, ಮತ್ತೂ ಇಬ್ಬರು ಮುಖ್ಯ ಅತಿಥಿಗಳು. ನಲವತ್ತು ಪುಟದ ಪುಸ್ತಕಕ್ಕೆ ಎರಡು ಗಂಟೆಯ ಭಾಷಣ. ಒಮ್ಮೆ ನಾನೇ ಅಧ್ಯಕ್ಷತೆ ವಹಿಸಿದ್ದೆ. ಶಾಲು ಚೆನ್ನಾಗಿತ್ತು, ಈಗಲೂ ಉಂಟು.

ಮೊನ್ನೆ ಹುಡುಗ ಆಲ್ಬಂ ತೋರಿಸಲು ಮನೆಗೆ ಬಂದ. ಫೋನಿನಲ್ಲಿ ನಾನೂರು ಫೋಟೊ.

"ಈ ಮಗುವಿನ ಹೆಸರೆಂತ?" ಎಂದೆ. ಹೆಗಲ ಮೇಲಿದ್ದವನು, ಫ್ಲೆಕ್ಸಿನಲ್ಲೂ ಇರುವವನು.

"ಹೆಸರು ಗೊತ್ತಿಲ್ಲ ಅಂಕಲ್. ನಾವು ಸ್ಮೈಲಿ ಅಂತ ಕರೀತಿದ್ದೆವು. ಕ್ಯೂಟ್ ಅಲ್ವಾ?"

"ಕೆನಡಾದಲ್ಲಿ ಪಕ್ಕದ ಮನೆಯ ಮಗುವನ್ನು ಹೀಗೆ ಎತ್ತಿಕೊಂಡು ಫೋಟೊ ಹಾಕ್ತೀಯಾ?"

"ಅಯ್ಯೋ, ಪೊಲೀಸ್ ಬರ್ತಾರೆ!"

ಅಲ್ಲಿ ಮಕ್ಕಳ ಜೊತೆ ಕೆಲಸ ಮಾಡಬೇಕಾದರೆ ಪೊಲೀಸರ ಸರ್ಟಿಫಿಕೇಟ್ ಬೇಕೆಂದು ಅವನೇ ವಿವರಿಸಿದ. ಒಳ್ಳೆಯ ಕಾನೂನು ಎಂದು ಹೊಗಳಿದ ಕೂಡ. ಕೀನ್ಯಾದ ಆ ಮನೆಗೆ ಗಿಟಾರ್ ಸಾಕಾಯಿತಂತೆ.

"ಆ ಮಕ್ಕಳಿಗೆ ಎಷ್ಟು ಪ್ರೀತಿ ಗೊತ್ತಾ ಅಂಕಲ್! ವ್ಯಾನಿನಿಂದ ಇಳಿಯುವ ಮೊದಲೇ ಓಡಿ ಬಂದು ಅಪ್ಪಿಕೊಂಡರು. ಮೊದಲನೇ ದಿನವೇ!"

ನಮ್ಮ ಮನೆಗೆ ನೆಂಟರು ಬಂದರೆ ಮೊಮ್ಮಗಳು ಬಾಗಿಲ ಹಿಂದೆ ಅಡಗುತ್ತಾಳೆ. ಕರೆದರೆ ಅಮ್ಮನ ಸೆರಗು ಹಿಡಿದು ಒಂದೇ ಕಣ್ಣಿನಲ್ಲಿ ಇಣುಕುತ್ತಾಳೆ. ಅಪರಿಚಿತರು ಎತ್ತಿಕೊಂಡರೆ ಊರು ಒಟ್ಟು ಸೇರುವ ಹಾಗೆ ಬೊಬ್ಬೆ. ಅಮ್ಮ ಇರುವ ಮಗು ಹೀಗೆಯೇ ಇರುವುದು. ಬಂದವರನ್ನೆಲ್ಲ ಓಡಿ ಅಪ್ಪಿಕೊಳ್ಳುವ ಮಗುವಿಗೆ ಪ್ರೀತಿ ಜಾಸ್ತಿಯಾದದ್ದಲ್ಲ. ಅದಕ್ಕೆ ಸಿಕ್ಕವರೆಲ್ಲ ಎರಡೆರಡು ವಾರದವರು. ಒಂದು ಗುಂಪು ಅತ್ತು ಕೈಬೀಸಿ ಹೋಗುತ್ತದೆ, ಮುಂದಿನ ಸೋಮವಾರ ಇನ್ನೊಂದು ಗುಂಪು ಬಣ್ಣದ ಡಬ್ಬಿ ಹಿಡಿದು ಇಳಿಯುತ್ತದೆ. ಅದೇ ಹಾಡು. ಅದೇ ಗೋಡೆ.

ಬರುವವರು ಜಾಸ್ತಿಯಾದ ಕಡೆ ಅನಾಥರೂ ಜಾಸ್ತಿಯಾಗುತ್ತಾರೆ. ಕಾಂಬೋಡಿಯಾದಲ್ಲಿ 2005ರಲ್ಲಿ 154 ಅನಾಥಾಲಯಗಳಿದ್ದವು, 2010ಕ್ಕೆ 269. ನಡುವೆ ಅಲ್ಲಿ ಯುದ್ಧವೂ ಆಗಲಿಲ್ಲ, ಮಾರಿಯೂ ಬರಲಿಲ್ಲ. ಪ್ರವಾಸಿಗಳು ಬಂದರು. ಒಳಗಿದ್ದ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲಿನವರಿಗೆ ಅಪ್ಪನೋ ಅಮ್ಮನೋ ಬದುಕಿದ್ದರು. ಬಡವರ ಮನೆಯಿಂದ 'ಓದಿಸುತ್ತೇವೆ' ಎಂದು ಕರೆತಂದ ಮಕ್ಕಳು. 2010ರಲ್ಲಿ ಹೈಟಿಯ ಭೂಕಂಪ ಆದಾಗ ಅಮೆರಿಕದ ಹತ್ತು ಮಂದಿ ಬ್ಯಾಪ್ಟಿಸ್ಟರು 33 ಮಕ್ಕಳನ್ನು ಬಸ್ಸಿನಲ್ಲಿ ತುಂಬಿಸಿ ಗಡಿ ದಾಟಿಸಲು ಹೊರಟು ಸಿಕ್ಕಿಬಿದ್ದರು. ಅನಾಥರನ್ನು ಕಾಪಾಡುತ್ತಿದ್ದೇವೆ ಎಂದರು. ವಿಚಾರಿಸಿದರೆ ಮಕ್ಕಳಿಗೆ ಹೆತ್ತವರಿದ್ದರು. ಗಡಿಯಲ್ಲಿ ಕಾಗದ ಕೇಳಿದ ಆ ಪೊಲೀಸಿನವನಿಗೆ ಯಾವ ಊರಿನಲ್ಲೂ ಫ್ಲೆಕ್ಸ್ ಹಾಕಿದ್ದು ಕೇಳಿಲ್ಲ. 2018ರಲ್ಲಿ ಆಸ್ಟ್ರೇಲಿಯಾ ಆಧುನಿಕ ಗುಲಾಮಗಿರಿಯ ಕಾನೂನು ತಂದಾಗ ಈ ಅನಾಥಾಲಯದ ದಂಧೆಯನ್ನೂ ಗುಲಾಮಗಿರಿ ಎಂದೇ ಲೆಕ್ಕ ಹಿಡಿಯಿತು.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. "ನೀವು ಯಾವಾಗಲೂ ನೆಗೆಟಿವ್ ಅಂಕಲ್" ಎಂದ.

ನನಗೆ ಸಿಟ್ಟು ಬಂದದ್ದು ಆ ಮಾತಿಗಲ್ಲ. ಅವನು ಹುಟ್ಟಿ ಬೆಳೆದದ್ದು ಈ ಊರಲ್ಲಿ. ಎಪ್ಪತ್ತರ ದಶಕದಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು. ಎಣ್ಮಕಜೆಯಲ್ಲಿ, ಪಡ್ರೆಯಲ್ಲಿ, ಸ್ವರ್ಗ ಎಂಬ ಹೆಸರಿನ ಜಾಗದಲ್ಲಿ ಮಕ್ಕಳು ಹೇಗೆ ಹುಟ್ಟಿದರು ಎಂದು ನಿಮಗೆ ಹೇಳಬೇಕಾಗಿಲ್ಲ. ನೀವು ಫೋಟೊ ನೋಡಿದ್ದೀರಿ. ಎಲ್ಲರೂ ನೋಡಿದ್ದಾರೆ. ಫೋಟೊ ಬೇಕಿತ್ತು, ಇಲ್ಲವೆನ್ನುವುದಿಲ್ಲ. ಅದಿಲ್ಲದಿದ್ದರೆ ದೆಹಲಿಯವರು ತಿರುಗಿ ನೋಡುತ್ತಿರಲಿಲ್ಲ. ಆದರೆ ಕ್ಯಾಮೆರಾ ಹಿಡಿದು ಬಂದ ಪ್ರತಿಯೊಬ್ಬನಿಗೂ ಆ ಅಮ್ಮಂದಿರು ಚಾಪೆ ಹಾಸಿ, ಚಾ ಕೊಟ್ಟು, ಮಗುವನ್ನು ಒಳಗಿನಿಂದ ಎತ್ತಿ ತಂದು ಬೆಳಕಿರುವ ಕಡೆ ಮಲಗಿಸಿದರು. "ಸ್ವಲ್ಪ ಈ ಕಡೆ ತಿರುಗಿಸಿ ಅಮ್ಮ" ಎಂದವರೂ ಇದ್ದರು. ಹೋಗುವಾಗ ಎಲ್ಲರೂ "ಮತ್ತೆ ಬರ್ತೇವೆ" ಎಂದರು. 2017ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ಪೀಡಿತರಿಗೆ ಮೂರು ತಿಂಗಳಲ್ಲಿ ತಲಾ ಐದು ಲಕ್ಷ ಕೊಡಿ ಎಂದಿತು. ಐದು ವರ್ಷ ಕಳೆದು 2022ರಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಜನಕ್ಕೆ. ಎಂಟು. ಫೋಟೊ ತೆಗೆಯುವವರ ಸಾಲೇ ಇದಕ್ಕಿಂತ ಉದ್ದ ಇತ್ತು.

ಆ ಮಕ್ಕಳಿಗೂ ಹೆಸರಿತ್ತು. ಪ್ರಪಂಚ ಸುತ್ತಿದ ಚಿತ್ರದ ಕೆಳಗೆ ಬರೆದದ್ದು ಮಾತ್ರ 'ಕಾಸರಗೋಡಿನ ಮಗು'. ಆ ಊರಿನಿಂದ ಹೋದವನು ಇನ್ನೊಂದು ಊರಿನ ಮಗುವಿಗೆ ಸ್ಮೈಲಿ ಎಂದು ಹೆಸರಿಟ್ಟು ಬಂದ.

ಅವನು ಕಳೆದ ವಾರ ಕೆನಡಾಕ್ಕೆ ಹೋದ. ಮುಂದಿನ ವರ್ಷ ಬೇರೆ ದೇಶವಂತೆ, ಆರಿಸಲು ಪಟ್ಟಿ ಕೊಟ್ಟಿದ್ದಾರಂತೆ. ಹೊಸ ಲಿಂಕ್ ಈಗಾಗಲೇ ಬಂದಿದೆ. ಅವನ ಅಮ್ಮ ನಮ್ಮಲ್ಲಿ ಹಳೆಯ ಬಟ್ಟೆ, ಕ್ರೇಯಾನ್ ಇದ್ದರೆ ತೆಗೆದಿಡಲು ಹೇಳಿದ್ದಾರೆ. ಯಾವ ದೇಶದ ಮಕ್ಕಳಿಗೆ ಎಂದು ಇನ್ನೂ ಗೊತ್ತಾಗಿಲ್ಲ, ಅಳತೆ ಹೇಗೂ ಒಂದೇ.

ನಿನ್ನೆ ಮೊದಲ ಮಳೆಗೆ ಫ್ಲೆಕ್ಸಿನ ಒಂದು ಬದಿಯ ಹಗ್ಗ ಕಡಿದು ನೇತಾಡುತ್ತಿತ್ತು. ಕಾಕ ಏಣಿ ಇಟ್ಟು ಇನ್ನೊಂದು ಬದಿಯನ್ನೂ ಬಿಚ್ಚಿದರು. ಅವರ ಸೌದೆಯ ರಾಶಿ ಒದ್ದೆಯಾಗುತ್ತಿತ್ತು. ನಾನೂ ಒಂದು ಮೂಲೆ ಹಿಡಿದುಕೊಂಡೆ.

"ಮುಖ ಒಳಗೆ ಹಾಕುವುದಾ, ಹೊರಗಾ?" ಎಂದು ಕೇಳಿದರು.

"ಹುಡುಗನದ್ದು ಹೇಗಾದರೂ ಹಾಕಿ. ಮಕ್ಕಳದ್ದು ಒಳಗೆ ಹಾಕಿ."

ಕಾಕ ಒಂದು ಗಳಿಗೆ ಫ್ಲೆಕ್ಸನ್ನೂ ನನ್ನನ್ನೂ ನೋಡಿದರು. "ಒಂದೇ ಶೀಟ್ ಅಲ್ವಾ ಮಾರಾಯ್ರೆ," ಎಂದರು. "ಬೇರೆ ಬೇರೆ ಹೇಗೆ ಹಾಕುವುದು?"